ಕಾರ್ಡಿನಿಂದ ಕಾಣೆಯಾದ ಅವ್ವ

ಎರಡು ವರ್ಷದ ಹಿಂದೆ, ಡಿಸೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಫೋನ್ ಬಂತು. ಪುಣೆ ಹತ್ತಿರದ ಚಾಕಣದಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮಷೀನ್ ಆಪರೇಟರ್ ಆಗಿರುವ, ಸಿಂದಗಿ ಕಡೆಯ ಹುಡುಗ.

"ಸರ, ಅವ್ವನ ಕಣ್ಣಿಗೆ ಪೊರಿ ಬಂದೈತ್ರಿ. ಆಪರೇಷನ್ ಮಾಡಿಸಬೇಕು. ಹೊಸಾ ಕಾರ್ಡ್‌ನ್ಯಾಗ ನೋಡಿದ್ರ ಆಕಿ ಹೆಸರೇ ಇಲ್ರಿ. ಮೊದಲ ಇತ್ತು. ಆಫೀಸಿನ್ಯಾಗ ಕೇಳಿದ್ರ, ಕಂಪ್ಯೂಟರ್ ತಗದೈತಿ ಅಂತಾರ್ರಿ."

ಕಂಪ್ಯೂಟರ್ ತಾನಾಗಿ ಯಾರ ಅವ್ವನನ್ನೂ ತೆಗೆಯುವುದಿಲ್ಲ. ಯಾರೋ ಹೇಳಿರಬೇಕು. ಈ ಸಲ ಹೇಳಿದವನು ನಾನೇ. ಆ ಕಾರ್ಖಾನೆಗೆ ಎಚ್‌ಆರ್ ಸಾಫ್ಟ್‌ವೇರ್ ಸೆಟಪ್ ಮಾಡಿದ ತಂಡದಲ್ಲಿ ನಾನಿದ್ದೆ. ಯಾರಿಗೆ ಯಾವ ಸೌಲಭ್ಯ, ಯಾವ ದಿನದಿಂದ ಎಂಬ ನಿಯಮಗಳನ್ನು ಅದರೊಳಗೆ ಕೂರಿಸುವುದು ನನ್ನ ಪಾಲಿನ ಕೆಲಸ. ಎರಡು ತಿಂಗಳು ಅವರ ಕ್ಯಾಂಟೀನ್‌ನಲ್ಲೇ ಊಟ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಕನ್ನಡ ಕಿವಿಗೆ ಬಿದ್ದು ಈ ಹುಡುಗನ ಪರಿಚಯವಾಗಿತ್ತು.

ಕಂಪನಿಯವರು ನಮಗೆ ಕೊಟ್ಟ ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ಇಎಸ್‌ಐಗೆ (ಕಡಿಮೆ ಸಂಬಳದ ನೌಕರರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ) ಬಾರದ ಎಲ್ಲ ಕಾಯಂ ನೌಕರರಿಗೂ ಅವರ ಹೆಂಡತಿ ಮತ್ತು ಮಕ್ಕಳಿಗೂ ಗ್ರೂಪ್ ಮೆಡಿಕ್ಲೇಮ್, ಅಂದರೆ ಕಂಪನಿ ಎಲ್ಲರಿಗೂ ಒಟ್ಟಾಗಿ ಮಾಡಿಸುವ ಆಸ್ಪತ್ರೆ ವಿಮೆ. ಬೇಕಾದವರು ಪ್ರೀಮಿಯಂ ಕಟ್ಟಿ ತಂದೆ-ತಾಯಿ ಅಥವಾ ಅತ್ತೆ-ಮಾವನನ್ನು ಸೇರಿಸಬಹುದು. ಓದಿದರೆ ಯಾರಿಗೂ ಗೊಂದಲವಿಲ್ಲ. ಇದನ್ನೇ ಕಂಪ್ಯೂಟರ್‌ಗೆ ಹೇಳಲು ಹೋಗಿ, ಆಗ ಶುರು.

"ಹೆಂಡತಿ ಮತ್ತು ಮಕ್ಕಳು" ಅನ್ನುವುದನ್ನೇ ತಗೊಳ್ಳಿ. ನಾವು "ಮತ್ತು" ಅಂದರೆ ಇವರೂ ಬರಲಿ, ಅವರೂ ಬರಲಿ ಎಂದರ್ಥ. ಕಂಪ್ಯೂಟರ್‌ನ "ಮತ್ತು"ಗೆ ಎರಡೂ ಷರತ್ತು ಒಬ್ಬರಲ್ಲೇ ಕೂಡಿಬರಬೇಕು. ಹಾಗೇ ಬರೆದರೆ ಅದು ಹೆಂಡತಿಯೂ ಆಗಿರುವ ಮಗುವನ್ನು ಹುಡುಕುತ್ತಾ ಹೋಗುತ್ತದೆ. ಸಿಗುವುದಿಲ್ಲ, ಪಟ್ಟಿ ಖಾಲಿ. ಅಲ್ಲಿ "ಅಥವಾ" ಬರೆಯಬೇಕು. ಹೀಗೆ ಮಾತನ್ನು ಲೆಕ್ಕವಾಗಿ ಬಿಡಿಸುವ ವಿದ್ಯೆಯನ್ನು ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ಪುಸ್ತಕವಾಗಿ ಬರೆದಿಟ್ಟ. ಅವನ ಕಾಲದವನೇ ಆದ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಮದುರೈಯಲ್ಲಿ, 1806ರಲ್ಲಿ. ಅವನ ಹೆಸರಿನ ಒಂದು ಪುಟ್ಟ ಸೂತ್ರ ನನ್ನಂಥವರನ್ನು ವಾರಕ್ಕೊಮ್ಮೆಯಾದರೂ ಕಾಡುತ್ತದೆ.

ಆ ಸೂತ್ರ ಇಷ್ಟೇ. "ಪ್ರೊಬೇಷನ್‌ನವರು ಅಥವಾ ಗುತ್ತಿಗೆಯವರು, ಇವರನ್ನು ಬಿಟ್ಟು" ಅನ್ನುವುದನ್ನು ಬಿಡಿಸಿ ಬರೆದರೆ "ಪ್ರೊಬೇಷನ್‌ನಲ್ಲಿ ಇರಬಾರದು, ಮತ್ತು ಗುತ್ತಿಗೆಯವರೂ ಆಗಿರಬಾರದು" ಎಂದಾಗುತ್ತದೆ. "ಅಲ್ಲ" ಒಳಗೆ ಬಂದರೆ "ಅಥವಾ" ಹೋಗಿ "ಮತ್ತು" ಬರುತ್ತದೆ. ಇದನ್ನು ಮರೆತು "ಅಥವಾ"ವನ್ನೇ ಉಳಿಸಿದರೆ? ಗುತ್ತಿಗೆಯವನು ಪ್ರೊಬೇಷನ್‌ನಲ್ಲಿ ಇರುವುದಿಲ್ಲ, ಪ್ರೊಬೇಷನ್‌ನವನು ಗುತ್ತಿಗೆಯವನಲ್ಲ. ಎರಡರಲ್ಲಿ ಒಂದು ಎಲ್ಲರಿಗೂ ನಿಜ. ಹಾಗಾಗಿ ಎಲ್ಲರೂ ಪಾಸು. ನಮ್ಮ ಮೊದಲ ಪರೀಕ್ಷೆಯಲ್ಲಿ ಗೇಟಿನ ಸೆಕ್ಯುರಿಟಿಯವರಿಗೂ ಮೆಡಿಕ್ಲೇಮ್ ಬಂದುಬಿಟ್ಟಿತ್ತು. ಅವರಿಗೆ ಬರಬೇಕಿತ್ತು ಅಂತ ನನಗೂ ಅನ್ನಿಸುತ್ತದೆ, ಅದು ಬೇರೆ ಮಾತು.

ಸಂಬಂಧಗಳ ಡ್ರಾಪ್‌ಡೌನ್ ಇನ್ನೊಂದು ಕತೆ. ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ಸೋದರತ್ತೆಯ ಮಗಳನ್ನೇ ಮದುವೆಯಾದವನಿಗೆ ಇಬ್ಬರೂ ಒಬ್ಬರೇ. ಒಬ್ಬರು "ಅತ್ತೆಯನ್ನು ಸೇರಿಸಬಹುದಾ?" ಅಂತ ಕೇಳಿದಾಗ "ಯಾವ ಅತ್ತೆ?" ಎಂದು ನಾನು ಮರುಪ್ರಶ್ನೆ ಹಾಕಬೇಕಾಯಿತು. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮಕ್ಕಳ ವಯಸ್ಸೂ ಹಾಗೇ. "25 ವರ್ಷದವರೆಗೆ" ಅಂದರೆ ಇಪ್ಪತ್ತೈದು ತುಂಬುವವರೆಗೋ, ತುಂಬಿದ ಮೇಲೂ ಇಪ್ಪತ್ತಾರು ಆಗುವವರೆಗೋ? ಇದರ ಕೆಳಗೆ ಒಂದು ವರ್ಷದ ವ್ಯತ್ಯಾಸ ಅಡಗಿದೆ. ಇನ್ನು "ಸೇರಿ ಮೂರು ತಿಂಗಳಾದ ಮೇಲೆ" ಎಂಬ ನಿಯಮ. ನವೆಂಬರ್ 30ಕ್ಕೆ ಸೇರಿದವನಿಗೆ ಮೂರು ತಿಂಗಳು ಆಗುವುದು ಫೆಬ್ರವರಿ 30ಕ್ಕೆ. ಆ ತಾರೀಖನ್ನು ಯಾವ ಕ್ಯಾಲೆಂಡರ್‌ನಲ್ಲಿ ಹುಡುಕೋಣ?

ಇವೆಲ್ಲ ಚಿಕ್ಕ ಮುಳ್ಳುಗಳು. ಅವ್ವನ ಹೆಸರು ಕಾಣೆಯಾದದ್ದು ಇದಕ್ಕಿಂತ ಆಳದ ಕಡೆ.

ಇಎಸ್‌ಐಗೆ ಸಂಬಳದ ಮಿತಿ ಇದೆ. 2017ರ ಜನವರಿ 1ರಿಂದ ಅದು ತಿಂಗಳಿಗೆ 21,000 ರೂಪಾಯಿ. ನಮ್ಮ ಹುಡುಗನಿಗೆ ಏಪ್ರಿಲ್‌ನಲ್ಲಿ 20,400 ಇತ್ತು. ಜುಲೈನಲ್ಲಿ ಇನ್‌ಕ್ರಿಮೆಂಟ್ ಆಗಿ 21,900 ಆಯಿತು. ಗೆರೆ ದಾಟಿದ. ಹಾಗಾದರೆ ಜುಲೈನಿಂದಲೇ ಇಎಸ್‌ಐ ಬಂದ್ ಆಗಬೇಕಲ್ವಾ?

ಆಗುವುದಿಲ್ಲ. ಇಎಸ್‌ಐ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಕತ್ತರಿಸುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಧಿ ಶುರುವಾದಾಗ ಒಳಗಿದ್ದವನು ನಡುವೆ ಸಂಬಳ ಏರಿದರೂ ಅವಧಿ ಮುಗಿಯುವವರೆಗೆ ಒಳಗೇ. ಅವನ ಸಂಬಳದಿಂದ 0.75 ಶೇಕಡಾ, ಕಂಪನಿಯಿಂದ 3.25 ಶೇಕಡಾ ಸೆಪ್ಟೆಂಬರ್ ಕೊನೆವರೆಗೂ ಹೋಗುತ್ತಲೇ ಇರಬೇಕು.

ಯಾಕೆ ಹೀಗೆ? ಮನೆಯ ಫ್ರಿಜ್ ನೋಡಿ. ಒಳಗಿನ ಬಿಸಿ ಒಂದು ಮಟ್ಟ ದಾಟಿದರೆ ಮೋಟಾರ್ ಶುರುವಾಗುತ್ತದೆ. ಅದೇ ಮಟ್ಟಕ್ಕೆ ಇಳಿದ ಕೂಡಲೇ ನಿಲ್ಲುವುದಿಲ್ಲ, ಇನ್ನೂ ಸ್ವಲ್ಪ ತಣ್ಣಗಾದ ಮೇಲೆ ನಿಲ್ಲುತ್ತದೆ. ಹತ್ತುವ ಗೆರೆ ಬೇರೆ, ಇಳಿಯುವ ಗೆರೆ ಬೇರೆ. ಒಂದೇ ಗೆರೆ ಇದ್ದಿದ್ದರೆ ಮೋಟಾರ್ ನಿಮಿಷಕ್ಕೆ ಹತ್ತು ಸಲ ಟಕ್ ಟಕ್ ಅಂದು ಒಂದು ಬೇಸಿಗೆಯೂ ಬಾಳುತ್ತಿರಲಿಲ್ಲ. ಭೌತವಿಜ್ಞಾನದಲ್ಲಿ ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ. ವಸ್ತುವಿನ ಈಗಿನ ಸ್ಥಿತಿ ನೋಡಿದರೆ ಸಾಲದು, ಅದು ಎಲ್ಲಿಂದ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗೆರೆಗೆ ನೆನಪಿದೆ ಅನ್ನಿ. ಅಲವೆನ್ಸ್, ಇನ್ಸೆಂಟಿವ್ ಅಂತ ಈ ತಿಂಗಳು 20,800, ಮುಂದಿನ ತಿಂಗಳು 21,300 ಆಗುವ ಸಂಬಳಕ್ಕೆ ನೆನಪಿಲ್ಲದ ಗೆರೆ ಹಾಕಿದರೆ, ಮನುಷ್ಯನ ಆಸ್ಪತ್ರೆ ಚೀಟಿ ಫ್ರಿಜ್ಜಿನ ಮೋಟಾರ್‌ನಂತೆ ಹತ್ತಿ ಆರುತ್ತಿತ್ತು.

ಗೆರೆಗಳ ನೆನಪಿನ ಶಕ್ತಿಯೂ ಒಂದೇ ತರ ಇರುವುದಿಲ್ಲ. ಪಿಎಫ್‌ನ ಗೆರೆ 2014ರ ಸೆಪ್ಟೆಂಬರ್‌ನಿಂದ 15,000. ಒಮ್ಮೆ ಸದಸ್ಯನಾದವನು ಆಮೇಲೆ ಎಷ್ಟೇ ಏರಿದರೂ ಸದಸ್ಯನೇ. ಅದು ಮರೆಯುವುದೇ ಇಲ್ಲ. ಮಹಾರಾಷ್ಟ್ರದ ವೃತ್ತಿ ತೆರಿಗೆಗೆ ನೆನಪೇ ಇಲ್ಲ, ಆ ತಿಂಗಳ ಸಂಬಳಕ್ಕೆ ಆ ತಿಂಗಳ ತೆರಿಗೆ. ಇಎಸ್‌ಐ ನಡುವಿನದು, ಆರು ತಿಂಗಳ ನೆನಪು. ಅದರಲ್ಲೂ ಆಗ ಒಂದು ಚಮತ್ಕಾರ ಇತ್ತು. ಓಟಿ, ಅಂದರೆ ಓವರ್‌ಟೈಮ್ ದುಡ್ಡನ್ನು 21,000ದ ಮಿತಿ ನೋಡುವಾಗ ಸೇರಿಸಬಾರದಿತ್ತು, ವಂತಿಗೆ ಕಡಿಯುವಾಗ ಸೇರಿಸಬೇಕಿತ್ತು. ಅದೇ ಹಣ, ಅದೇ ತಿಂಗಳು. ಒಂದು ಪ್ರಶ್ನೆಗೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಸಾಫ್ಟ್‌ವೇರ್‌ನಲ್ಲಿ "ಸಂಬಳ" ಅಂತ ಒಂದೇ ಡಬ್ಬಿ ಇಟ್ಟವರು ಇಲ್ಲಿ ಕಣ್ಣು ಬಿಡುತ್ತಾರೆ.

ಇಷ್ಟನ್ನೂ ನಾನು ಸರಿಯಾಗಿಯೇ ಮಾಡಿದ್ದೆ. ಓಟಿ ಬೇರೆ ಮಾಡಿದ್ದೆ. ಸೆಪ್ಟೆಂಬರ್ 30ರವರೆಗೆ ಅವನನ್ನು ಇಎಸ್‌ಐನಲ್ಲೇ ಇಟ್ಟಿದ್ದೆ. ಅಕ್ಟೋಬರ್ 1ಕ್ಕೆ ವಂತಿಗೆ ನಿಂತಿತು, ಮೆಡಿಕ್ಲೇಮ್ ಶುರುವಾಯಿತು. ತೆರೆಯ ಮೇಲೆ ಅವನ ಹೆಸರಿನ ಮುಂದೆ "ಇಎಸ್‌ಐ: ಇಲ್ಲ" ಎಂದು ಬಂತು. ಡಿಸೆಂಬರ್‌ನಲ್ಲಿ ಅವನು ವಿಚಾರಿಸಿದಾಗ ಎಚ್‌ಆರ್ ಮೇಡಮ್ ನೋಡಿದ್ದು ಇದನ್ನೇ. "ನಿನ್ನ ಇಎಸ್‌ಐ ಮುಗಿದಿದೆ" ಅಂದುಬಿಟ್ಟರು. ಅವರದೇನು ತಪ್ಪು? ನಾನು ತೋರಿಸಿದ್ದನ್ನು ಅವರು ಓದಿದರು.

ಮುಗಿದಿದ್ದು ವಂತಿಗೆ ಮಾತ್ರ. ಸೌಲಭ್ಯಕ್ಕೆ ಬೇರೆಯೇ ಕ್ಯಾಲೆಂಡರ್ ಇದೆ. ಏಪ್ರಿಲ್-ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್-ಮಾರ್ಚ್‌ನಲ್ಲಿ ಕಟ್ಟಿದ್ದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಅದರ ಜೋಡಿ ಅವಧಿಯಲ್ಲಿ ಕಾಯಿಲೆ ರಜೆಯ ಹಣಕ್ಕೆ ಹಕ್ಕು, ಜೊತೆಗೆ ಕುಟುಂಬಕ್ಕೂ ಚಿಕಿತ್ಸೆ. ಬಿತ್ತುವುದು ಮುಂಗಾರಿನಲ್ಲಿ, ರಾಶಿ ಮಾಡುವುದು ಸುಗ್ಗಿಯಲ್ಲಿ, ಹಾಗೆ. ಬಿತ್ತನೆ ನಿಂತ ದಿನವೇ ಕಣ ಖಾಲಿ ಆಗುವುದಿಲ್ಲ.

ನಾನು ಎರಡು ತಾರೀಖು ಇಡಬೇಕಾದಲ್ಲಿ ಒಂದೇ ಇಟ್ಟಿದ್ದೆ. ಹುಡುಗನ ಇಎಸ್‌ಐ ಡಿಸೆಂಬರ್‌ನಲ್ಲೂ ಜೀವಂತ ಇತ್ತು, ಮುಂದಿನ ಜೂನ್ 30ರವರೆಗೂ ಇರುತ್ತಿತ್ತು. ಇಎಸ್‌ಐ ಲೆಕ್ಕದಲ್ಲಿ ಅವಲಂಬಿತ ತಂದೆ-ತಾಯಿಯೂ ಕುಟುಂಬವೇ. ಸೋಮವಾರ ಮೇಡಮ್‌ಗೆ ಫೋನ್ ಮಾಡಿ ನನ್ನ ಎಡವಟ್ಟು ಒಪ್ಪಿಕೊಂಡೆ. ಜನವರಿಯಲ್ಲಿ ಚಿಂಚ್ವಡದ ಇಎಸ್‌ಐ ಆಸ್ಪತ್ರೆಯಿಂದಲೇ ಆಪರೇಷನ್ ಆಯಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ಹೊಸ ಮೆಡಿಕ್ಲೇಮ್ ಕಾರ್ಡಿನಲ್ಲಿ ಅವ್ವ ಯಾಕೆ ಇರಲಿಲ್ಲ? ಅಲ್ಲಿ ತಂದೆ-ತಾಯಿಯನ್ನು ತಾವಾಗಿ ಸೇರಿಸಿಕೊಳ್ಳಬೇಕು. ಅದಕ್ಕೆ ಅಕ್ಟೋಬರ್ 1ರಿಂದ 30 ದಿನದ ವಿಂಡೋ, ಅಂದರೆ ಆಯ್ಕೆ ತಿಳಿಸುವ ಗಡುವು. ಸಾಫ್ಟ್‌ವೇರ್ ಅವನಿಗೆ ಒಂದು ಇಮೇಲ್ ಕಳಿಸಿತ್ತು, ಇಂಗ್ಲಿಷ್‌ನಲ್ಲಿ, ಕಂಪನಿ ಕೊಟ್ಟ ವಿಳಾಸಕ್ಕೆ. ಆ ಇಮೇಲನ್ನು ಅವನು ಹುಟ್ಟಿದಾಗಿನಿಂದ ತೆರೆದಿರಲಿಲ್ಲ. ವಿಂಡೋ ಮುಚ್ಚಿತು. ಸುಮ್ನಿದ್ದವರಿಗೆ ಏನು ಎಂದು ನಾವು ಬರೆದಿಟ್ಟಿದ್ದೆವೋ ಅದು ಜಾರಿಯಾಯಿತು: ತಾನು, ಹೆಂಡತಿ, ಮಕ್ಕಳು. ತಂದೆ-ತಾಯಿ ಬೇಡ.

ಸುಮ್ಮನಿದ್ದರೆ ಏನು ಅನ್ನುವ ಈ ಒಂದು ಸಾಲಿಗೆ ಭಯಂಕರ ಶಕ್ತಿ. ಬ್ರಿಜಿಟ್ ಮಡ್ರಿಯನ್ ಮತ್ತು ಡೆನಿಸ್ ಶೇ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಅಮೆರಿಕದ ಒಂದು ಕಂಪನಿಯ ಪಿಂಚಣಿ ಯೋಜನೆಯ ಅಂಕಿ ಪ್ರಕಟಿಸಿದರು. ಹೊಸ ನೌಕರರು ತಾವೇ ಅರ್ಜಿ ಹಾಕಬೇಕಿದ್ದಾಗ ಸೇರಿದವರು 49 ಶೇಕಡಾ. ಬೇಡ ಅನ್ನದಿದ್ದರೆ ಸೇರಿದಂತೆಯೇ ಎಂದು ನಿಯಮ ತಿರುಗಿಸಿದ ಮೇಲೆ 86. ಯೋಜನೆ ಅದೇ, ಲಾಭ ಅದೇ. ನಮ್ಮಲ್ಲೂ 2023-24ರಿಂದ ಸಂಬಳದಾರರು ಏನೂ ಹೇಳದಿದ್ದರೆ ಟಿಡಿಎಸ್ ಹೊಸ ತೆರಿಗೆ ಪದ್ಧತಿಯಲ್ಲೇ ಕಡಿತವಾಗುತ್ತದೆ. ಎಷ್ಟು ಜನ ಅದನ್ನು ಸಂಬಳ ಚೀಟಿ ನೋಡಿ ತಿಳಿದುಕೊಂಡರು, ನಿಮ್ಮ ಆಫೀಸಿನಲ್ಲೇ ಕೇಳಿ ನೋಡಿ.

ಹಾಗಾದರೆ ಎಲ್ಲರ ಅಪ್ಪ-ಅವ್ವನನ್ನೂ ತಾನಾಗಿ ಸೇರಿಸಿಬಿಡುವುದೇ? ಸಭೆಯಲ್ಲಿ ಒಬ್ಬರು ಹಾಗೇ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅವರ ಪ್ರೀಮಿಯಂ ನೌಕರನ ಸಂಬಳದಿಂದ ಹೋಗುತ್ತದೆ. ದುಡ್ಡು ಕಡಿಯುವ ಕಡೆ ಮೌನವನ್ನು ಒಪ್ಪಿಗೆ ಅಂತ ಎಣಿಸುವುದು ಕಿಸೆಗೆ ಕೈ ಹಾಕಿದಂತೆ. ಕೊನೆಗೆ ಕ್ಯಾಂಟೀನ್ ಬಾಗಿಲಲ್ಲಿ ಒಂದು ಟಚ್ ಸ್ಕ್ರೀನ್ ಇಟ್ಟೆವು. ವಿಂಡೋ ತೆರೆದಿರುವಾಗ ಊಟದ ಕೂಪನ್ ತಗೊಳ್ಳಲು ಕಾರ್ಡ್ ತೋರಿಸಿದರೆ ಮರಾಠಿ, ಹಿಂದಿ, ಕನ್ನಡದಲ್ಲಿ ಒಂದು ಪ್ರಶ್ನೆ ಬರುತ್ತದೆ: ತಂದೆ-ತಾಯಿಯನ್ನು ಸೇರಿಸಬೇಕೆ, ತಿಂಗಳಿಗೆ ಇಷ್ಟು ಕಡಿತ. ಬೇಕು, ಬೇಡ, ನಾಳೆ ಹೇಳುತ್ತೇನೆ. ಮೂರನೆಯದನ್ನು ಒತ್ತಿದವರಿಗೆ ನಾಳೆ ಮತ್ತೆ ಅದೇ ಪ್ರಶ್ನೆ. ಮೊದಲ ವಾರ ಬೈಗುಳ ಜಾಸ್ತಿ ಬಂತು.

ತಾರೀಖಿನ ಇನ್ನೊಂದು ತಲೆನೋವನ್ನೂ ಆಗಲೇ ಸರಿ ಮಾಡಿದೆವು. ಊರಲ್ಲಿ ಮೇ ತಿಂಗಳಲ್ಲಿ ಮದುವೆಯಾದವನು ಆಫೀಸಿಗೆ ತಿಳಿಸುವುದು ಜುಲೈನಲ್ಲಿ. ತವರಲ್ಲಿ ಹುಟ್ಟಿದ ಮಗುವಿಗೆ ನಾಮಕರಣ ಆಗುವವರೆಗೆ ಹೆಸರೇ ಇರುವುದಿಲ್ಲ, ಫಾರ್ಮ್ ಹೆಸರಿಲ್ಲದೆ ಮುಂದೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಸಂಗತಿಗೂ ಎರಡು ತಾರೀಖು ಬರೆದಿಡಬೇಕು: ಅದು ಆದದ್ದು ಯಾವಾಗ, ಕಂಪ್ಯೂಟರ್‌ಗೆ ಗೊತ್ತಾದದ್ದು ಯಾವಾಗ. ನಿಯಮಗಳಿಗೂ ಹಾಗೇ. ಇಎಸ್‌ಐನಲ್ಲಿ ನೌಕರನ ಪಾಲು 2019ರ ಜೂನ್ 30ರವರೆಗೆ 1.75 ಶೇಕಡಾ ಇತ್ತು. ಹಳೆಯದನ್ನು ಅಳಿಸಿ ಹೊಸದನ್ನು ಬರೆದರೆ 2018ರ ಬಾಕಿ ಲೆಕ್ಕ ಹಾಕುವಾಗ ತಪ್ಪು ಉತ್ತರ ಬರುತ್ತದೆ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ನಿಗದಿತ ಅವಧಿಯ ನೌಕರರಿಗೆ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚುಟಿ ಎಂದಾದಾಗಲೂ ನಾವು ಹಳೆಯ ನಿಯಮವನ್ನು ಮುಟ್ಟಲಿಲ್ಲ. ಅದಕ್ಕೆ ಕೊನೆಯ ದಿನ ಹಾಕಿ, ಪಕ್ಕದಲ್ಲಿ ಹೊಸದನ್ನು ಕೂರಿಸಿದೆವು.

ಆಪರೇಷನ್ ಆದ ವರ್ಷದ ಮಾರ್ಚ್‌ನಲ್ಲೇ ಪಾಲಿಸಿ ನವೀಕರಣದ ವಿಂಡೋ ತೆರೆಯಿತು. ನಾನು ಅಲ್ಲೇ ಇದ್ದೆ. ಸಿಂದಗಿ ಹುಡುಗ ಸ್ಕ್ರೀನ್ ಮುಂದೆ ನಿಂತು "ಬೇಕು" ಒತ್ತಿದ. ಅವ್ವನ ಹೆಸರು ಬರೆದ. ಜನ್ಮದಿನಾಂಕದ ಹತ್ತಿರ ಬೆರಳು ನಿಂತಿತು.

"ಸೀಗಿ ಹುಣ್ಣಿಮಿ ಮುಂದ ಹುಟ್ಟಿದಾಕಿ ಅಂತ ಅಜ್ಜಿ ಹೇಳ್ತಿದ್ಳ್ರಿ. ಆಧಾರದಾಗ ಜನವರಿ ಒಂದು ಐತಿ. ಯಾವ್ದು ಹಾಕ್ಲಿ?"

ಆಧಾರ್‌ನದೇ ಹಾಕಬೇಕು, ಇಲ್ಲವಾದರೆ ಕ್ಲೇಮ್ ಬಂದಾಗ ತಾಳೆಯಾಗುವುದಿಲ್ಲ ಅಂದೆ. ಹಾಕಿದ. ಆ ಲೆಕ್ಕದಲ್ಲಿ ಆಕೆಗೆ ಜನವರಿಗೇ 60 ತುಂಬಿತ್ತು. ಆ ಪಾಲಿಸಿಯಲ್ಲಿ 60 ತುಂಬಿದವರಿಗೆ ಬೇರೆ ದರ. ಸೀಗೆ ಹುಣ್ಣಿಮೆ ಇರಲಿ, ಯುಗಾದಿಯೂ ಇನ್ನೂ ದೂರ ಇತ್ತು. ಏರಿದ ಪ್ರೀಮಿಯಂ ತೆರೆಯ ಮೇಲೆ ಬಂತು. ಅವನು ಒಂದು ಗಳಿಗೆ ನೋಡಿ, "ಇರ್ಲಿ ಬಿಡ್ರಿ" ಎಂದು ಒತ್ತಿ, ಕೂಪನ್ ಹರಿದುಕೊಂಡು ಸಾಲಿಗೆ ಹೋದ.