ಫೀನಿಕ್ಸ್ ಬಿಸಿಲು ಏರೋಕೆ ಮುಂಚೆ ಎಸಿ ಹತ್ರ ಒಂದ್ಸಲ ಹೋಗಿ ನೋಡಿ

ನಾನು ಹಾಸನದ ಕಡೆಯವನು, ನಮ್ಮೂರ ಮನೇಲಿ ಫ್ಯಾನ್ ಹಾಕ್ತಿದ್ದಿದ್ದೇ ಏಪ್ರಿಲ್ ಒಂದು ತಿಂಗಳು. ಈಗ ಇರೋದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಇಲ್ಲಿಗೆ ಬಂದ ಎರಡನೇ ವರ್ಷ ಅತ್ತೆ ಮಾವ ಬಂದಿದ್ರು, ಜೂನ್ ತಿಂಗಳು, ಒಂದಿನ ಸಾಯಂಕಾಲ ನಾಲ್ಕೂವರೆಗೆ ಸರಿಯಾಗಿ ಎಸಿ ಕೈಕೊಡ್ತು. ಒಳಗೆ ಗಾಳಿ ಬರ್ತಿದೆ ಆದ್ರೆ ತಣ್ಣಗಿಲ್ಲ, ಹೊರಗಿನ ಯೂನಿಟ್ ಗುಂಯ್ ಅಂತಿದೆ, ಫ್ಯಾನ್ ತಿರುಗ್ತಿಲ್ಲ. ಎರಡು ಗಂಟೇಲಿ ಮನೆಯೊಳಗೆ 34 ಡಿಗ್ರಿ ಆಗೋಯ್ತು, ಮಾವನಿಗೆ ಬಿಪಿ ಬೇರೆ, ಒದ್ದೆ ಟವೆಲ್ ಹೊದಿಸಿ ಕೂರಿಸಿದ್ವಿ, ಆಗಲ್ಲ ಅನ್ನಿಸಿ ಫ್ರೆಂಡ್ ಮನೆಗೆ ಕರ್ಕೊಂಡು ಹೋದ್ವಿ. ಮೆಕ್ಯಾನಿಕ್ ಬಂದಿದ್ದು ಮಾರನೇ ದಿನ. ಕೆಟ್ಟಿದ್ದು ಏನು ಅಂದ್ರೆ ಅಂಗೈಲಿ ಹಿಡಿಯೋವಷ್ಟು ಒಂದು ಡಬ್ಬಿ, ಕೆಪಾಸಿಟರ್. ಮಾರ್ಚ್‌ನಲ್ಲೇ ಮೀಟರ್ ಇಟ್ಟು ನೋಡಿದ್ರೆ ಗೊತ್ತಾಗ್ತಿತ್ತಂತೆ.

ಅವತ್ತಿಂದ ನನಗೆ ಇದೊಂದು ವಿಷಯ ತಲೇಲಿ ಕೂತಿದೆ, ಯಾಕೆ ಎಸಿ ಯಾವಾಗ್ಲೂ ಬೇಕೇ ಬೇಕು ಅನ್ನೋ ಹೊತ್ತಲ್ಲೇ ಕೆಡುತ್ತೆ ಅಂತ. ದುರಾದೃಷ್ಟ ಅಲ್ಲ, ಅದಕ್ಕೆ ಕಾರಣ ಇದೆ.

ಎಸಿ ತಂಪನ್ನ ತಯಾರು ಮಾಡಲ್ಲ, ಮನೆಯೊಳಗಿನ ಶಾಖ ತಗೊಂಡು ಹೋಗಿ ಹೊರಗೆ ಸುರಿಯುತ್ತೆ ಅಷ್ಟೇ. ಶಾಖ ತಾನಾಗೇ ಹರಿಯೋದು ಬಿಸಿ ಕಡೆಯಿಂದ ತಣ್ಣನೆ ಕಡೆಗೆ, ಅಂದ್ರೆ ಹೊರಗಿನ ಗಾಳಿ 46 ಡಿಗ್ರಿ ಇದ್ರೆ ಹೊರಗಿನ ಕಾಯಿಲ್‌ನಲ್ಲಿ, ಅಂದ್ರೆ ಸುರುಳಿ ಸುತ್ತಿದ ಕೊಳವೇಲಿ, ಶಾಖ ಹೊತ್ತು ತರೋ ಗ್ಯಾಸ್ ಅದಕ್ಕಿಂತ ಬಿಸಿ ಇರಲೇಬೇಕು, ಸುಮಾರು 55-60 ಡಿಗ್ರಿ, ಇಲ್ಲಾಂದ್ರೆ ಶಾಖ ಕಾಯಿಲ್ ಬಿಟ್ಟು ಹೋಗಲ್ಲ. ಅಷ್ಟು ಬಿಸಿ ಮಾಡೋಕೆ ಕಂಪ್ರೆಸರ್ ಗ್ಯಾಸನ್ನ ಇನ್ನೂ ಜೋರಾಗಿ ಒತ್ತಬೇಕು, ಕರೆಂಟ್ ಜಾಸ್ತಿ ಎಳೆಯುತ್ತೆ, ಆದ್ರೂ ಮನೆಯೊಳಗಿಂದ ತೆಗೆಯೋ ಶಾಖ ಮಾತ್ರ ಕಮ್ಮಿ ಆಗುತ್ತೆ. ಅಮೆರಿಕದಲ್ಲಿ ಎಸಿಗೆ ಇಷ್ಟು ಟನ್ (ಎಷ್ಟು ಶಾಖ ತೆಗೆಯುತ್ತೆ ಅನ್ನೋ ಅಳತೆ) ಅಂತ ಬರೆಯೋದು ಹೊರಗೆ 35 ಡಿಗ್ರಿ ಇಟ್ಟು ಟೆಸ್ಟ್ ಮಾಡಿ, ಫೀನಿಕ್ಸ್‌ನಲ್ಲಿ ಜುಲೈ ತಿಂಗಳಲ್ಲಿ ಅದು ರಾತ್ರಿ ಹೊತ್ತಿನ ಟೆಂಪರೇಚರ್ರು! 2023ರ ಜುಲೈ 19ಕ್ಕೆ ಅತಿ ಕಮ್ಮಿ ಅಂದ್ರೆ 36 ಡಿಗ್ರಿ ಇತ್ತು, ಅದೇ ವರ್ಷ ಸತತ 31 ದಿನ 43 ಡಿಗ್ರಿ ದಾಟಿತ್ತು. ಹಂಗಾಗಿ ಮಾರ್ಚ್‌ನಲ್ಲಿ ಗೊತ್ತೇ ಆಗದ ಸಣ್ಣ ಸಣ್ಣ ದೌರ್ಬಲ್ಯಗಳೆಲ್ಲ ಜೂನ್ ಸಾಯಂಕಾಲದ ಹೊತ್ತಿಗೆ ಒಟ್ಟಿಗೆ ಹೊರಗೆ ಬೀಳುತ್ವೆ.

ಇದು ಬರೀ ಸೆಖೆ ವಿಷಯ ಅಲ್ಲ. ಫೀನಿಕ್ಸ್ ಇರೋ ಮಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ತಾಪಕ್ಕೆ 645 ಜನ ಸತ್ರು. ಮನೆಯೊಳಗೇ ಸತ್ತವರಲ್ಲಿ ಹೆಚ್ಚಿನವರ ಮನೇಲಿ ಎಸಿ ಇತ್ತು, ಆದ್ರೆ ಅದು ಓಡ್ತಿರಲಿಲ್ಲ. ಇದನ್ನ ಓದಿದಾಗ ನನಗೆ ಮಾವ ಒದ್ದೆ ಟವೆಲ್ ಹೊದ್ದು ಕೂತಿದ್ದೇ ಕಣ್ಮುಂದೆ ಬಂತು.

ಈಗ ಮಾಡಬೇಕಾದ್ದು ಹೇಳ್ತೀನಿ. ಮೊದಲು ಹೊರಗಿನ ಯೂನಿಟ್, ಯಾಕಂದ್ರೆ ಶಾಖ ಹೊರಗೆ ಹೋಗೋ ಬಾಗಿಲು ಅದೇ. ಇಲ್ಲಿ ಹಬೂಬ್ ಅಂತ ಧೂಳಿನ ಬಿರುಗಾಳಿ ಬರುತ್ತೆ, 2011ರ ಜುಲೈ 5ರಂದು ಬಂದಿದ್ದು ಇಡೀ ಊರನ್ನೇ ಗೋಡೆ ಥರ ಮುಚ್ಚಿತ್ತು, ಆ ನಯವಾದ ಧೂಳು ಕಾಯಿಲ್‌ನ ತೆಳು ಅಲ್ಯೂಮಿನಿಯಂ ಪಟ್ಟಿಗಳ ಮಧ್ಯೆ ಕೂತ್ಕೊಂಡ್ರೆ ಯೂನಿಟ್‌ಗೆ ಕಂಬಳಿ ಹೊದಿಸಿದ ಹಾಗೆ. ಪವರ್ ಪೂರ್ತಿ ಆಫ್ ಮಾಡಿ ತೋಟದ ಪೈಪ್‌ನಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೀರಿ, ಪ್ರೆಶರ್ ವಾಷರ್ ಮಾತ್ರ ಬೇಡ, ಪಟ್ಟಿಗಳು ಬಾಗಿದ್ರೆ ಗಾಳಿ ಹೋಗೋ ದಾರೀನೇ ಮುಚ್ಚೋಗುತ್ತೆ. ಇಲ್ಲಿ ಬಿಸಿಲಲ್ಲಿ ಬಿದ್ದಿರೋ ಪೈಪ್‌ನೊಳಗಿನ ನೀರು ಕೈ ಸುಡೋವಷ್ಟು ಕಾದಿರುತ್ತೆ, ಮಕ್ಕಳು ಪಕ್ಕದಲ್ಲಿದ್ರೆ ಮೊದಲು ಆ ನೀರನ್ನ ದೂರ ಹರಿಬಿಡಿ.

ಫಿಲ್ಟರ್ ವಿಷಯ ಎಲ್ಲರಿಗೂ ಗೊತ್ತು, ತೆಳ್ಳಗಿನದ್ದಾದ್ರೆ ಬೇಸಿಗೇಲಿ ತಿಂಗಳಿಗೊಂದು ಬದಲಾಯಿಸಿ ಸಾಕು.

ಜನಕ್ಕೆ ಗೊತ್ತಿಲ್ಲದೆ ಇರೋದು ಎಸಿಯೊಳಗೆ ಇಳಿಯೋ ನೀರನ್ನ ಹೊರಗೆ ಬಿಡೋ ಪೈಪ್. ಜೂನ್‌ನಲ್ಲಿ ಮರಳುಗಾಡಿನ ಗಾಳಿ ಪೂರ್ತಿ ಒಣ, ಒಳಗಿನ ಕಾಯಿಲ್ ಮೇಲೆ ಬೆವರೋಕೆ ತೇವಾನೇ ಇರಲ್ಲ, ಪೈಪ್ ಕಟ್ಟಿದ್ರೂ ಗೊತ್ತಾಗಲ್ಲ. ಜುಲೈನಲ್ಲಿ ಮಾನ್ಸೂನ್ ತೇವ ಬಂತು ಅಂದ್ರೆ ಬಕೆಟ್‌ಗಟ್ಟಲೆ ನೀರು ಇಳಿಯೋಕೆ ಶುರು, ಆಗ ಪಾಚಿ ಕಟ್ಟಿರೋ ಪೈಪ್ ಉಕ್ಕಿ ಸೀಲಿಂಗ್ ನೆನೆಯುತ್ತೆ, ಇಲ್ಲಾ ಸೇಫ್ಟಿ ಸ್ವಿಚ್ ಎಸಿನೇ ಆಫ್ ಮಾಡುತ್ತೆ. ರಾಜಸ್ಥಾನದ ಕಡೆ ಬಳಸೋ ನೀರಿನ ಕೂಲರ್ ಇಲ್ಲೂ ಹಿಂದೆ ಮನೆಮನೇಲಿತ್ತು, ಅದೂ ಇದೇ ಕಾರಣಕ್ಕೆ ಜೂನ್‌ನಲ್ಲಿ ಚೆನ್ನಾಗಿ ನಡೆದು ಜುಲೈನಲ್ಲಿ ಸೋಲುತ್ತೆ. ಹಾಗಾಗಿ ಮಳೆ ಶುರುವಾಗೋಕೆ ಮುಂಚೆನೇ ಪೈಪ್‌ಗೆ ಒಂದು ಲೋಟ ವಿನೆಗರ್ ಹಾಕಿ, ಆಮೇಲೆ ನೀರು ಬಿಟ್ಟು ಸಲೀಸಾಗಿ ಹೋಗುತ್ತಾ ನೋಡಿ.

ನಮ್ಮೂರಿಂದ ಬಂದವರು ಕೇಳೋ ಮೊದಲ ಪ್ರಶ್ನೆ, ವರ್ಷಾ ವರ್ಷಾ ಗ್ಯಾಸ್ ಹಾಕಿಸ್ಬೇಕಾ ಅಂತ. ಬೇಡ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ, ಮುಚ್ಚಿದ ಪೈಪೊಳಗೆ ಸುತ್ತುತ್ತಾ ಇರುತ್ತೆ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ, ಅದನ್ನ ಹುಡುಕದೆ ಗ್ಯಾಸ್ ತುಂಬಿಸಿದ್ರೆ ದುಡ್ಡು ಹೋಗುತ್ತೆ, ವಾತಾವರಣಕ್ಕೂ ಹಾನಿ. ಮನೇಲೇ ಒಂದು ಪರೀಕ್ಷೆ ಮಾಡ್ಕೋಬಹುದು, ಎಸಿ ಹದಿನೈದು ನಿಮಿಷ ಓಡಿದ ಮೇಲೆ ಗಾಳಿ ಒಳಗೆ ಎಳೆಯೋ ಕಡೆ ಮತ್ತೆ ತಂಪು ಬಿಡೋ ಕಡೆ ಥರ್ಮಾಮೀಟರ್ ಇಡಿ, ವ್ಯತ್ಯಾಸ 8ರಿಂದ 11 ಡಿಗ್ರಿ ಇದ್ರೆ ಸಾಮಾನ್ಯವಾಗಿ ಚೆನ್ನಾಗಿದೆ ಅಂತ. ತುಂಬಾ ಕಮ್ಮಿ ಇದ್ರೆ ಮೆಕ್ಯಾನಿಕ್‌ನ ಮಾರ್ಚ್‌ನಲ್ಲೇ ಕರೀರಿ, ಜೂನ್‌ನಲ್ಲಿ ಫೋನ್ ಮಾಡಿದ್ರೆ ಅವರ ಸರದಿ ಕಾಯ್ಬೇಕು.

ಇನ್ನು ಆ ಕೆಪಾಸಿಟರ್. ಮೋಟರ್ ಶುರುವಾಗೋಕೆ, ಓಡೋಕೆ ಅದರ ಸಹಾಯ ಬೇಕು, ಬಿಸಿಯಲ್ಲಿ ವರ್ಷ ವರ್ಷಕ್ಕೂ ಅದರ ಶಕ್ತಿ ಸವೀತಾ ಹೋಗುತ್ತೆ. ಪವರ್ ಆಫ್ ಮಾಡಿದ್ರೂ ಒಳಗೆ ಚಾರ್ಜ್ ಉಳಿದಿರುತ್ತೆ, ಶಾಕ್ ಹೊಡೆದ್ರೆ ಜೀವಕ್ಕೇ ಅಪಾಯ, ದಯವಿಟ್ಟು ನೀವು ಮುಟ್ಟಬೇಡಿ, ಗೊತ್ತಿರೋರ ಹತ್ರ ಮಾಡಿಸಿ. ನಾನು ಪ್ರತಿ ಮಾರ್ಚ್ ಮೆಕ್ಯಾನಿಕ್ ಅಳೆದ ನಂಬರನ್ನ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ಬರೆಸ್ತೀನಿ. ಡಬ್ಬಿ ಮೇಲೆ 45 ಮೈಕ್ರೋಫ್ಯಾರಡ್ (ಕೆಪಾಸಿಟರ್ ಶಕ್ತಿಯ ಅಳತೆ), ಹೆಚ್ಚುಕಮ್ಮಿ 6 ಪರ್ಸೆಂಟ್ ಅಂತ ಇದೆ, ಅಂದ್ರೆ 42.3ಕ್ಕಿಂತ ಕೆಳಗೆ ಹೋಗಬಾರದು. ಮೊದಲ ವರ್ಷ 44.8 ಇತ್ತು, ಆಮೇಲೆ 44.1, ಹೋದ ವರ್ಷ 43.2. ಈ ಸಲ 42.1 ಬಂತು, ಅವತ್ತೇ ಬದಲಾಯಿಸಿದ್ವಿ, ಎಸಿ ಇನ್ನೂ ಚೆನ್ನಾಗೇ ಓಡ್ತಿತ್ತು. ಅತ್ತೆ ಮಾವ ಮೇ ಕೊನೇಲಿ ಬರ್ತಿದ್ದಾರೆ.