ಮಜ್ಜೆಯನ್ನು ಸುಮ್ಮನಿರಿಸುವ ರಕ್ತ

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರೋಗವಾದ ಥಲಸ್ಸೇಮಿಯಾ ತೀವ್ರ ಸ್ವರೂಪದಲ್ಲಿರುವ ವಯಸ್ಕರು ಎರಡು ಮೂರು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಾರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿಸುವ ಚಿತ್ರ. ಈ ಚಿತ್ರವನ್ನು ನಂಬಿದವರು ಎರಡು ತಪ್ಪು ತೀರ್ಮಾನಗಳಿಗೆ ಬರುತ್ತಾರೆ. ಆದಷ್ಟು ದಿನ ತಡೆದುಕೊಂಡು, ಇನ್ನು ಆಗುವುದೇ ಇಲ್ಲ ಎನ್ನುವಾಗ ಮಾತ್ರ ರಕ್ತ ಹಾಕಿಸಿಕೊಂಡರೆ ಒಳ್ಳೆಯದು ಎಂಬುದು ಮೊದಲನೆಯದು. ರಕ್ತ ಕಡಿಮೆಯಿದೆ ಎಂದಮೇಲೆ ಕಬ್ಬಿಣದ ಮಾತ್ರೆ, ಟಾನಿಕ್ಕುಗಳಿಂದ ಒಂದಿಷ್ಟು ಉಪಕಾರವಾದೀತು ಎಂಬುದು ಎರಡನೆಯದು. ಮೊದಲನೆಯದು ಮೂಳೆಗೂ ಗುಲ್ಮಕ್ಕೂ (ಸ್ಪ್ಲೀನ್) ಕೇಡು, ಎರಡನೆಯದು ಹೃದಯಕ್ಕೆ ಕೇಡು. ಹೊರಗಿನಿಂದ ಬರುವ ರಕ್ತ ಅಂಗಾಂಗಗಳಿಗೆ ಆಮ್ಲಜನಕ ಒಯ್ಯುವುದು ನಿಜವಾದರೂ, ಅದರ ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ರಕ್ತಕಣಗಳನ್ನು ತಯಾರಿಸುವ ರೋಗಿಯ ಸ್ವಂತ ಅಸ್ಥಿಮಜ್ಜೆಯನ್ನು ಸುಮ್ಮನಿರಿಸುವುದು.

ಸುಮ್ಮನಿರಿಸುವುದೇಕೆ? ವಯಸ್ಕರ ಹಿಮೋಗ್ಲೋಬಿನ್ ಅಣುವಿನಲ್ಲಿ ಎರಡು ಆಲ್ಫಾ ಸರಪಳಿಗಳೂ ಎರಡು ಬೀಟಾ ಸರಪಳಿಗಳೂ ಜೋಡಿಯಾಗಿರುತ್ತವೆ. 11ನೆಯ ವರ್ಣತಂತುವಿನಲ್ಲಿರುವ ಬೀಟಾ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಬೀಟಾ ಸರಪಳಿ ತಯಾರಾಗುವುದಿಲ್ಲ, ಅಥವಾ ಬಹಳ ಕಡಿಮೆ ತಯಾರಾಗುತ್ತದೆ. ಇಲ್ಲಿ ಕೊರತೆಗಿಂತ ಹೆಚ್ಚು ಹಾನಿ ಮಾಡುವುದು ಉಳಿಕೆ. ಜೋಡಿ ಸಿಗದ ಆಲ್ಫಾ ಸರಪಳಿಗಳು ಎಳೆಯ ಕೆಂಪು ರಕ್ತಕಣದೊಳಗೇ ಗರಣೆಗಟ್ಟಿ ಅದರ ಪೊರೆಯನ್ನು ಹರಿಯುತ್ತವೆ. ಕಣವು ರಕ್ತನಾಳವನ್ನು ಕಾಣುವ ಮೊದಲೇ ಮಜ್ಜೆಯಲ್ಲಿ ಸಾಯುತ್ತದೆ. ಮಣ್ಣಿನ ಹದ ತಪ್ಪಿರುವ ಕುಂಬಾರನ ಆವಿಗೆಯನ್ನು ಊಹಿಸಿಕೊಳ್ಳಿ: ಮಡಕೆಗಳು ಒಳಗೇ ಸಿಡಿಯುತ್ತಿವೆ, ಹೊರಗೆ ಬರುವುದು ನಾಲ್ಕಾರು ಮಾತ್ರ. ಆಮ್ಲಜನಕದ ಕೊರತೆಯನ್ನು ಗ್ರಹಿಸಿದ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಹಾರ್ಮೋನಿನ ಮೂಲಕ 'ಇನ್ನಷ್ಟು ಮಾಡು' ಎಂದು ಆಜ್ಞೆ ಕಳಿಸುತ್ತಲೇ ಇರುತ್ತವೆ. ಆವಿಗೆಯೊಳಗೆ ಏನಾಗುತ್ತಿದೆ ಎಂಬುದು ಅವಕ್ಕೆ ತಿಳಿಯದು. ಸೌದೆ ಹೆಚ್ಚುತ್ತದೆ, ಆವಿಗೆ ದೊಡ್ಡದಾಗುತ್ತದೆ, ಅಕ್ಕಪಕ್ಕದ ಜಾಗವನ್ನೂ ಆಕ್ರಮಿಸುತ್ತದೆ, ಒಡೆದ ಮಡಕೆಗಳ ರಾಶಿ ಬೆಳೆಯುತ್ತದೆ. ಕಿವುಡ ಯಜಮಾನನೂ ಕೈಕೆಟ್ಟ ಕೂಲಿಯೂ ಸೇರಿ ನಡೆಸುವ ಕಾರ್ಖಾನೆ ಎಂದರೂ ಸರಿಯೇ.

ಈ ವ್ಯರ್ಥ ದುಡಿಮೆಯ ಗುರುತುಗಳನ್ನು ಮೊದಲು ಒಟ್ಟಾಗಿ ಕಂಡವರು ಅಮೆರಿಕದ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ. 1925ರಲ್ಲಿ ಅವರೂ ಅವರ ಸಹೋದ್ಯೋಗಿ ಪರ್ಲ್ ಲೀ ಅವರೂ ತೀವ್ರ ರಕ್ತಹೀನತೆ, ಊದಿದ ಗುಲ್ಮ ಮತ್ತು ಉಬ್ಬಿದ ಮುಖದ ಮೂಳೆಗಳಿದ್ದ ಮಕ್ಕಳನ್ನು ವಿವರಿಸಿದರು. ಗ್ರೀಕ್ ಭಾಷೆಯ 'ಸಮುದ್ರ' ಎಂಬ ಪದದಿಂದ ಥಲಸ್ಸೇಮಿಯಾ ಎಂಬ ಹೆಸರು ಬಂದದ್ದು 1932ರಲ್ಲಿ. ಅದು ಮೆಡಿಟರೇನಿಯನ್ ತೀರದವರ ರೋಗವೆಂದು ಆಗ ಭಾವಿಸಿದ್ದರು. ಹೆಸರು ಉಳಿಯಿತು, ಭಾವನೆ ತಪ್ಪಾಯಿತು. ಕೂಲಿ ಕಂಡ ಉಬ್ಬಿದ ಮೂಳೆಗಳು ಹಿಗ್ಗುತ್ತಿದ್ದ ಆವಿಗೆಯ ಗೋಡೆಗಳೇ ಆಗಿದ್ದವು. ವಯಸ್ಕರಲ್ಲಿ ಸಾಕಷ್ಟು ರಕ್ತ ಸಿಗದಿದ್ದರೆ ಮಜ್ಜೆಯ ಅಂಗಾಂಶವು ಮೂಳೆಯಿಂದ ಹೊರಬಿದ್ದು ಬೆನ್ನುಹುರಿಯನ್ನು ಒತ್ತುವಷ್ಟು ಬೆಳೆದ ಪ್ರಕರಣಗಳೂ ಇವೆ.

ಇನ್ನೊಂದು ಸೂಕ್ಷ್ಮವಿದೆ. ಹೀಗೆ ದಣಿಯುವ ಮಜ್ಜೆ ಎರಿತ್ರೊಫೆರೋನ್ ಎಂಬ ಸಂದೇಶವಾಹಕವನ್ನು ಸ್ರವಿಸುತ್ತದೆ. ಅದು ಯಕೃತ್ತಿನಲ್ಲಿ ಹೆಪ್ಸಿಡಿನ್ ಹಾರ್ಮೋನಿನ ಉತ್ಪಾದನೆಯನ್ನು ತಗ್ಗಿಸುತ್ತದೆ. ಕರುಳಿನಿಂದ ಕಬ್ಬಿಣ ಒಳಬರುವ ಬಾಗಿಲಿಗೆ ಹೆಪ್ಸಿಡಿನ್ನೇ ಕಾವಲುಗಾರ. ಕಾವಲು ಸಡಿಲಗೊಂಡಾಗ, ದಾನಿಗಳ ರಕ್ತದಿಂದ ಮೊದಲೇ ಕಬ್ಬಿಣ ತುಂಬಿ ತುಳುಕುತ್ತಿರುವ ದೇಹವು ಆಹಾರದಿಂದ ಇನ್ನಷ್ಟನ್ನು ಹೀರಿಕೊಳ್ಳುತ್ತದೆ. ಇಂಥವರಿಗೆ 'ಹಿಮೋಗ್ಲೋಬಿನ್ ಕಡಿಮೆಯಿದೆಯಲ್ಲ' ಎಂದು ಕಬ್ಬಿಣದ ಟಾನಿಕ್ ಕೊಡುವವರನ್ನು ಕಂಡಾಗ ತಾಳ್ಮೆ ಉಳಿಸಿಕೊಳ್ಳುವುದು ಕಷ್ಟ.

ಹಾಗಾದರೆ ಎಷ್ಟು ರಕ್ತ ಸಾಕು? ಸಾಯದಷ್ಟು ಮಾತ್ರ ಕೊಡುತ್ತಿದ್ದ ಕಾಲವೊಂದಿತ್ತು. 1960ರ ದಶಕದಲ್ಲಿ ಹಿಮೋಗ್ಲೋಬಿನ್ ಮಟ್ಟವನ್ನು ಎತ್ತರದಲ್ಲೇ ಕಾಪಾಡಿದರೆ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆಂದು ತಿಳಿದುಬಂತು. ಆಮೇಲೆ ಅದನ್ನು ಇನ್ನೂ ಏರಿಸುವ ಪ್ರಯತ್ನಗಳು ನಡೆದವು. ಮಜ್ಜೆಯ ಚಟುವಟಿಕೆಯನ್ನೇ ಅಳೆದು ನೋಡಿದ ಇಟಲಿಯ ಸಂಶೋಧಕರು, ಮಿತವಾದ ಮಟ್ಟದಲ್ಲೇ ಮಜ್ಜೆ ಸಾಕಷ್ಟು ತಣ್ಣಗಾಗುತ್ತದೆ, ಅದಕ್ಕೂ ಮೇಲಕ್ಕೆ ಹೋದರೆ ಕಬ್ಬಿಣದ ಹೊರೆ ಹೆಚ್ಚುತ್ತದೆ ಎಂದು 1990ರ ದಶಕದಲ್ಲಿ ತೋರಿಸಿದರು. ಇಂದು ರಕ್ತ ಹಾಕುವ ಮೊದಲಿನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 9.5ರಿಂದ 10.5 ಗ್ರಾಂ ಇರಬೇಕೆಂಬುದು ಸಾಮಾನ್ಯ ಗುರಿ. ಹೃದ್ರೋಗವಿರುವವರಿಗೆ 11ರಿಂದ 12. ಇದು 'ಮೊದಲಿನ' ಅಳತೆ ಎಂಬುದನ್ನು ಗಮನಿಸಬೇಕು. ರಕ್ತ ಹಾಕಿದ ಮೇಲೆ ಎಷ್ಟಕ್ಕೆ ಏರಿತು ಎಂಬುದನ್ನು ಕಂಡು ಸಂತೋಷಪಡುವವರೇ ಹೆಚ್ಚು. ಮಜ್ಜೆ ಎಚ್ಚೆತ್ತುಕೊಳ್ಳುವುದು ಅದು ಇಳಿದಾಗ.

ದಾನಿಯ ರಕ್ತದಲ್ಲಿ ಇಂದು ಹುಟ್ಟಿದ ಕಣವೂ ಇರುತ್ತದೆ, ನಾಳೆ ಸಾಯಲಿರುವ ಕಣವೂ ಇರುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ, ಹೊಸದಾಗಿ ಬಂದ ಕಣಗಳಲ್ಲಿಯೂ ಪ್ರತಿದಿನ ಒಂದಷ್ಟು ತೀರಿಹೋಗುತ್ತವೆ. ಹಿಮೋಗ್ಲೋಬಿನ್ ವಾರಕ್ಕೆ ಸುಮಾರು 1 ಗ್ರಾಂನಂತೆ ಇಳಿಯುತ್ತದೆ, ಗುಲ್ಮ ಊದಿದ್ದರೆ ಇನ್ನೂ ಬೇಗ. ಉದ್ಯೋಗದಲ್ಲಿರುವ ವಯಸ್ಕರು ರಜೆ ಉಳಿಸಲೆಂದು ಐದು ವಾರಕ್ಕೊಮ್ಮೆ ಬಂದು ಒಮ್ಮೆಗೇ ಹೆಚ್ಚು ಬಾಟಲಿ ಹಾಕಿಸಿಕೊಳ್ಳಲು ಬಯಸುವುದು ಸಹಜವೇ. ಆದರೆ ಆಗ ಮಟ್ಟವು ಬಹಳ ಏರಿ ಬಹಳ ಇಳಿಯುತ್ತದೆ. ದುರ್ಬಲ ಹೃದಯಕ್ಕೆ ಒಮ್ಮೆಲೇ ಬರುವ ದ್ರವವೂ ಭಾರವಾಗುತ್ತದೆ. ಅಂಥವರಿಗೆ ಕಡಿಮೆ ಪ್ರಮಾಣವನ್ನು, ಬೇಗ ಬೇಗ, ನಿಧಾನವಾಗಿ ಹಾಕುವುದೇ ಕ್ರಮ.

ಹೊಂದಾಣಿಕೆಯ ವಿಷಯದಲ್ಲಿ ಎ, ಬಿ, ಓ ಮತ್ತು ಆರ್‌ಎಚ್ ಪಾಸಿಟಿವ್ ನೆಗೆಟಿವ್ ಎಂದು ಹೇಳಿ ಮುಗಿಸುವಂತಿಲ್ಲ. ಜೀವಮಾನದಲ್ಲಿ ನೂರಾರು ದಾನಿಗಳ ರಕ್ತ ಪಡೆಯುವವರ ದೇಹವು ಆರ್‌ಎಚ್ ಗುಂಪಿನವೇ ಆದ ಸಿ, ಇ ಹಾಗೂ ಕೆಲ್ ಮೊದಲಾದ, ಕೆಂಪು ಕಣದ ಮೇಲಿನ ಇತರ ಗುರುತುಗಳ ವಿರುದ್ಧವೂ ಪ್ರತಿಕಾಯಗಳನ್ನು ತಯಾರಿಸಬಹುದು. ಆದ್ದರಿಂದ ಮೊದಲ ಬಾರಿ ರಕ್ತ ಹಾಕುವ ಮುನ್ನವೇ ಈ ಗುರುತುಗಳನ್ನು ಪರೀಕ್ಷಿಸಿ, ಕನಿಷ್ಠ ಆರ್‌ಎಚ್ ಮತ್ತು ಕೆಲ್ ಗುರುತುಗಳಾದರೂ ಹೊಂದುವ ರಕ್ತವನ್ನು ಕೊಡಬೇಕು. ಪ್ರತಿಕಾಯಗಳ ಕಿಡಿಗೇಡಿತನವೆಂದರೆ, ವರ್ಷಗಳು ಕಳೆದಂತೆ ಅವು ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸುತ್ತವೆ, ಆದರೆ ನೆನಪು ಅಳಿಯುವುದಿಲ್ಲ. ಹೊಸ ಆಸ್ಪತ್ರೆಯಲ್ಲಿ ಕ್ರಾಸ್‌ಮ್ಯಾಚ್ (ದಾನಿಯ ಮತ್ತು ರೋಗಿಯ ರಕ್ತ ಹೊಂದುತ್ತವೆಯೇ ಎಂಬ ಪರೀಕ್ಷೆ) ಸರಿಯಾಗಿ ಬಂದು, ವಾರದ ಬಳಿಕ ಕಣಗಳೆಲ್ಲ ಒಡೆದು, ಮೂತ್ರ ಕಪ್ಪಾಗಿ ಕಾಮಾಲೆ ಕಾಣಿಸಿಕೊಳ್ಳುವುದು ಹೀಗೆಯೇ. ಊರು ಬದಲಾಯಿಸುವ ರೋಗಿಯ ಕೈಯಲ್ಲಿ ಹಳೆಯ ಪ್ರತಿಕಾಯಗಳ ದಾಖಲೆ ಇರಲೇಬೇಕು. ದಾನಿಯ ಸ್ವಭಾವವೂ ರಕ್ತದ ಜೊತೆ ಬರುತ್ತದೆ ಎಂದು ನಂಬುವವರಿಗೆ ಒಂದು ಮಾತು: ಮಾಗಿದ ಕೆಂಪು ಕಣದಲ್ಲಿ ಜೀನುಗಳನ್ನು ಹೊರುವ ಕೋಶಕೇಂದ್ರವೇ ಇಲ್ಲ, ಬಿಳಿ ಕಣಗಳನ್ನು ಸೋಸುಗದಲ್ಲಿ ಮೊದಲೇ ತೆಗೆದಿರುತ್ತಾರೆ.

ಇನ್ನು ಕಬ್ಬಿಣ. ಒಂದು ಯೂನಿಟ್ ಕೆಂಪು ಕಣಗಳಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಮೂರು ವಾರಕ್ಕೆ ಎರಡು ಯೂನಿಟ್ ಎಂದರೆ ವರ್ಷಕ್ಕೆ 7 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಆರೋಗ್ಯವಂತ ದೇಹದ ಒಟ್ಟು ಕಬ್ಬಿಣವೇ 3ರಿಂದ 4 ಗ್ರಾಂ. ಹೊರಹಾಕಲು ದೇಹಕ್ಕೆ ದಾರಿಯೇ ಇಲ್ಲ, ದಿನಕ್ಕೆ 1-2 ಮಿಲಿಗ್ರಾಂ ಸವೆದುಹೋದರೆ ಹೆಚ್ಚು. ಮಿಕ್ಕದ್ದು ಯಕೃತ್ತು, ಹೃದಯ, ಮೇದೋಜ್ಜೀರಕ, ಪಿಟ್ಯುಟರಿ ಗ್ರಂಥಿಗಳಲ್ಲಿ ನೆಲೆಸುತ್ತದೆ. ವಯಸ್ಕರಲ್ಲಿ ಮಧುಮೇಹ, ಥೈರಾಯ್ಡ್ ಕೊರತೆ, ಬಂಜೆತನಗಳು ಬರುವ ದಾರಿ ಇದು. ಕಬ್ಬಿಣವನ್ನು ಹಿಡಿದೆಳೆಯುವ ಮೊದಲ ಯಶಸ್ವಿ ಔಷಧ ಡೆಫೆರಾಕ್ಸಮೀನ್ ಸಿಕ್ಕಿದ್ದು ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ. ಆ ಜೀವಿ ತನ್ನ ಹೊಟ್ಟೆಪಾಡಿಗೆ ಮಣ್ಣಿನ ಕಬ್ಬಿಣವನ್ನು ಬಾಚಿಕೊಳ್ಳಲು ಹೆಣೆದ ಬಲೆಯನ್ನೇ ನಾವು ಎರವಲು ಪಡೆದೆವು. ರಾತ್ರಿಯಿಡೀ ಪಂಪಿನಿಂದ ಚರ್ಮದಡಿಗೆ ಹರಿಸಬೇಕಾದ ಈ ಔಷಧದ ಜೊತೆಗೆ ಈಗ ಬಾಯಿಯಲ್ಲಿ ಸೇವಿಸುವ ಡೆಫೆರಿಪ್ರೋನ್ ಮತ್ತು ಡೆಫೆರಾಸಿರಾಕ್ಸ್ ಇವೆ. ಡೆಫೆರಿಪ್ರೋನ್ ಬಿಳಿ ಕಣಗಳನ್ನು ಅಪಾಯಕರವಾಗಿ ಇಳಿಸಬಲ್ಲದಾದ್ದರಿಂದ ಜ್ವರ ಬಂದ ದಿನವೇ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷಿಸಬೇಕು. ಡೆಫೆರಾಸಿರಾಕ್ಸ್ ಪಡೆಯುವವರ ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟಿರಬೇಕು.

ದೇಹದ ಕಬ್ಬಿಣದ ಸಂಗ್ರಹವನ್ನು ಅಂದಾಜಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆಯೊಂದನ್ನೇ ನಂಬಿ ಕುಳಿತವರನ್ನು ಹೃದಯ ಮೋಸಗೊಳಿಸಿದ್ದುಂಟು. ಯಕೃತ್ತು ಹಗುರಾಗಿದ್ದರೂ ಹೃದಯದಲ್ಲಿ ಕಬ್ಬಿಣ ಉಳಿದಿರಬಹುದು. 2001ರಲ್ಲಿ ಲಂಡನ್ನಿನ ಸಂಶೋಧಕರು ವಿವರಿಸಿದ ಟಿ2-ಸ್ಟಾರ್ ಎಂಬ ಎಂಆರ್‌ಐ ಅಳತೆ ಈ ಗುಟ್ಟನ್ನು ಬಯಲಿಗೆಳೆಯಿತು: 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣವಿದೆ, 10ಕ್ಕಿಂತ ಕಡಿಮೆಯಾದರೆ ಹೃದಯ ಸೋಲುವ ಅಪಾಯ ಸಮೀಪಿಸಿದೆ ಎಂದರ್ಥ.

2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲುಸ್ಪಾಟರ್ಸೆಪ್ಟ್ ಚುಚ್ಚುಮದ್ದು ಆವಿಗೆಯನ್ನೇ ಒಂದಿಷ್ಟು ದುರಸ್ತಿ ಮಾಡುತ್ತದೆ: ಎಳೆಯ ಕಣಗಳು ಮಾಗುವ ಕೊನೆಯ ಹಂತಕ್ಕೆ ಅದು ನೆರವಾಗುವುದರಿಂದ ಕೆಲವು ವಯಸ್ಕರಿಗೆ ಬೇಕಾಗುವ ರಕ್ತ ಕಡಿಮೆಯಾಗುತ್ತದೆ. ಮಜ್ಜೆಯ ಕಸಿಯಿಂದಲೋ ಜೀನ್ ಚಿಕಿತ್ಸೆಯಿಂದಲೋ ರಕ್ತದ ಅವಲಂಬನೆ ಪೂರ್ತಿ ತಪ್ಪಿದವರೂ ಇದ್ದಾರೆ. ಆದರೆ ಅವರ ದೇಹದಲ್ಲಿ ಹಳೆಯ ಕಬ್ಬಿಣ ಹಾಗೆಯೇ ಉಳಿದಿರುತ್ತದೆ. ಕಸಿ ಯಶಸ್ವಿಯಾದ ಮೇಲೆ ಅದನ್ನು ತೆಗೆಯುವ ಸರಳ ವಿಧಾನವೆಂದರೆ ಹದಿನೈದು ದಿನಕ್ಕೊಮ್ಮೆ ಅವರ ರಕ್ತವನ್ನು ಒಂದಿಷ್ಟು ಹೊರತೆಗೆಯುವುದು. ಹೊಸ ಮಜ್ಜೆ ಆ ನಷ್ಟವನ್ನು ತುಂಬಲು ಯಕೃತ್ತಿನಲ್ಲಿ ಅಡಗಿರುವ ಕಬ್ಬಿಣವನ್ನು ಬಳಸಿಕೊಂಡು ಕಣಗಳನ್ನು ಕಟ್ಟುತ್ತದೆ, ಆ ಕಣಗಳು ಮುಂದಿನ ಬಾರಿ ಸೂಜಿಯ ಮೂಲಕ ಹೊರಬರುತ್ತವೆ. ವರ್ಷಗಟ್ಟಲೆ ರಕ್ತ ಒಳಬಂದ ತೋಳಿನಿಂದಲೇ ಆ ರಕ್ತದ ಕಬ್ಬಿಣ ಹೊರಗೆ ಹೋಗುತ್ತದೆ.