ಬೀಜದೊಳಗೊಂದು ಕೆರೆ

ಮುಂಗಾರಿಗೆ ಮೊದಲು ಪಾವಗಡದ ನಮ್ಮ ಮನೆಯ ಪಡಸಾಲೆ ತುಂಬ ಕಡಲೆಕಾಯಿ. ಬಿತ್ತನೆಗೆ ಸುಲಿಯುವಾಗ ಅಜ್ಜಿ ಪಕ್ಕದಲ್ಲೇ ಕೂತಿರುತ್ತಿದ್ದಳು. "ನೋಡ್ಕಂಡು ಸುಲಿಯಪ್ಪ, ಬೇಳೆ ಒಡೆದ್ರೆ ಹುಟ್ಟಲ್ಲ." ಎರಡು ಬೇಳೆಗಳ ನಡುವೆ, ತುದಿಯಲ್ಲಿ, ಅಕ್ಕಿನುಚ್ಚಿನಷ್ಟು ಚಿಕ್ಕ ಮೂತಿ ಇರುತ್ತದಲ್ಲ, ಅದೇ ಮುಂದಿನ ಗಿಡ. ಬೇಳೆಗಳು ಅದರ ಬುತ್ತಿ. ಬೇಳೆ ಒಡೆದರೆ ಬುತ್ತಿಯ ನಂಟೇ ಕಡಿಯುತ್ತದೆ.

ಬುತ್ತಿಯಲ್ಲಿ ಏನಿದೆ ಎಂದು ನೋಡಲು ಪ್ರಯೋಗಾಲಯ ಬೇಡ. ಒಂದು ಬೀಜವನ್ನು ಹಳೇ ಪೇಪರಿನ ಮೇಲಿಟ್ಟು ಜಜ್ಜಿ, ಬೆಳಕಿಗೆ ಹಿಡಿಯಿರಿ. ಎಣ್ಣೆ ಕುಡಿದ ಜಾಗ ಹೊಳೆಯುತ್ತದೆ. ಬೀಜದ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಪಕ್ಕದ ಹೊಲದ ರಾಗಿ ತನ್ನ ಗಳಿಕೆಯನ್ನು ಪಿಷ್ಟವಾಗಿ ಕೂಡಿಡುತ್ತದೆ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೊಕ್ಯಾಲೊರಿ, ಅಷ್ಟೇ ಎಣ್ಣೆಯಲ್ಲಿ 9. ಎರಡಕ್ಕೂ ಮೂಲ ಎಲೆಗಳು ಬಿಸಿಲಲ್ಲಿ ಮಾಡಿದ ಸಕ್ಕರೆ. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಇದು: ಹೂವಿನ ಬುಡದಿಂದ ಹೊರಟ ಎಳೆ ಮಣ್ಣಿಗಿಳಿದು ಕತ್ತಲಲ್ಲಿ ಕಾಯಿ ಕಟ್ಟುತ್ತದೆ, ಬಿಸಿಲನ್ನೇ ಕಾಣದ ಬೀಜದಲ್ಲಿ ತುಂಬಿರುವುದೆಲ್ಲ ಬಿಸಿಲು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತಲಿನ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕು ಹೊತ್ತು ಮುಳುಗಿದರೆ ಸುಮ್ಮನಾಗುತ್ತದೆ. ಬೀಜ ಆ ಬಿಸಿಲನ್ನು ಮುಂದಿನ ಮುಂಗಾರಿನವರೆಗೆ ಕಾಪಾಡುತ್ತದೆ.

ಮಳೆ ಬಿದ್ದು ನೀರು ಕುಡಿದ ಮೇಲೆ ಬುತ್ತಿ ಬಿಚ್ಚುತ್ತದೆ. ಎಣ್ಣೆ ಹಾಗೇ ಮೊಳಕೆಗೆ ಹರಿಯದು. ಬೇಳೆಯ ಜೀವಕೋಶಗಳು ಅದನ್ನು ಸಕ್ಕರೆ ಮಾಡಿ ಕಳಿಸುತ್ತವೆ. ಈ ದಾರಿಯನ್ನು 1957ರಲ್ಲಿ ವಿಜ್ಞಾನಿಗಳಾದ ಹ್ಯಾನ್ಸ್ ಕಾರ್ನ್‌ಬರ್ಗ್ ಮತ್ತು ಹ್ಯಾರಿ ಬೀವರ್ಸ್ ತೋರಿಸಿದ್ದು ನಮ್ಮ ಬದುಗಳ ಮೇಲೂ ಬೆಳೆಯುವ ಹರಳು ಬೀಜದಲ್ಲಿ. ನಮ್ಮ ಮೈಗೆ ಈ ವಿದ್ಯೆ ಬಾರದು. ಎಣ್ಣೆಯ ಮುಖ್ಯ ಭಾಗವಾದ ಕೊಬ್ಬಿನಾಮ್ಲವನ್ನು ಉರಿಸಬಲ್ಲೆವು, ಅದರಿಂದ ಸಕ್ಕರೆ ಮಾಡಲಾರೆವು.

ಆದರೆ ಉರಿಸುವ ರೀತಿ ಗಿಡಕ್ಕೂ ನಮಗೂ ಒಂದೇ. ಅದನ್ನು ತಿಳಿಯಲು ನಮ್ಮ ಸೀಮೆಯ ಕೆರೆಗಿಂತ ಒಳ್ಳೆಯ ಉಪಮೆ ನನಗೆ ಸಿಕ್ಕಿಲ್ಲ. ಕೋಶದೊಳಗಿನ ಪುಟ್ಟ ಶಕ್ತಿಮನೆಯಾದ ಮೈಟೊಕಾಂಡ್ರಿಯದಲ್ಲಿ, ಆಹಾರದಿಂದ ಕಳಚಿದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕ ಸೇರುತ್ತವೆ. ದಾಟುವಾಗ ಬಿಡುಗಡೆಯಾದ ಶಕ್ತಿ ಪ್ರೋಟಾನುಗಳನ್ನು ಒಳಪೊರೆಯ ಆಚೆಗೆ ಎತ್ತಿ ತುಂಬುತ್ತದೆ. ಪೊರೆಯೇ ಏರಿ, ಪ್ರೋಟಾನುಗಳೇ ನೀರು. ಏರಿಗೊಂದು ತೂಬು: ಎಟಿಪಿ ಸಿಂಥೇಸ್ ಎಂಬ ಪ್ರೋಟೀನು. ಪ್ರೋಟಾನುಗಳು ಅದರ ಮೂಲಕ ಇಳಿಯುವಾಗ ಅದರೊಳಗಿನ ಚಕ್ರ ನಿಜವಾಗಿಯೂ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ ಅಣುಗಳು. ಎಟಿಪಿ ಎಂದರೆ ಕೋಶದ ಕೆಲಸಗಳಿಗೆ ಶಕ್ತಿ ಹೊತ್ತೊಯ್ಯುವ ಅಣು. ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನ್ ಕೆರೆಯ ವಿಚಾರ ಮುಂದಿಟ್ಟಾಗ ಒಪ್ಪಿದವರು ಕಡಿಮೆ. 1978ರಲ್ಲಿ ನೊಬೆಲ್ ಬಂತು.

ಸ್ನಾಯು ಸೆಟೆಯಲು, ಬೇರು ಉಪ್ಪು ಹೀರಲು ಕೋಶ ಖರ್ಚು ಮಾಡುವುದು ಎಟಿಪಿಯನ್ನೇ. ಆದರೆ ಅದನ್ನು ಕೂಡಿಡಲಾಗದು. ನಮ್ಮ ಇಡೀ ಮೈಯಲ್ಲಿ ಒಂದು ಹೊತ್ತಿಗೆ ಇರುವುದು ಕೆಲವು ಹತ್ತು ಗ್ರಾಂ. ಒಡೆದದ್ದನ್ನೇ ಮತ್ತೆ ಜೋಡಿಸಿ ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟು ತಯಾರಿಸುತ್ತೇವೆ.

ಒಣ ಬೀಜದಲ್ಲಿ ಈ ತೂಬು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಂದು ವರ್ಷ ಸೋರಿದ ನೀರು ಮೂಟೆಗೆ ತಗುಲಿ, ಕೈ ಹಾಕಿದರೆ ಒಳಗೆಲ್ಲ ಬೆಚ್ಚಗಿತ್ತು. ಬೀಜಗಳೂ ಬೂಷ್ಟೂ ಉಸಿರಾಡುತ್ತ ಬುತ್ತಿಯನ್ನು ಶಾಖ ಮಾಡಿ ಕಳೆಯುತ್ತಿದ್ದವು. ಅಜ್ಜಿ ಆ ಮೂಟೆಯನ್ನು ಬಿತ್ತಲು ಬಿಡಲಿಲ್ಲ.

ಒಳ್ಳೆಯ ಬೀಜವಾದರೆ ವಾರದೊಳಗೆ ಸಾಲಿನ ಮಣ್ಣು ಬಿರಿಯುತ್ತದೆ, ದಪ್ಪ ಬೇಳೆಗಳ ನಡುವಿನಿಂದ ಎಲೆ ಇಣುಕುತ್ತದೆ. ಇನ್ನಷ್ಟು ದಿನ ಬಿಟ್ಟು ಅದೇ ಬೇಳೆಯನ್ನು ಕಿತ್ತು ಹಿಸುಕಿ ನೋಡಿದೆ. ಸುಕ್ಕುಗಟ್ಟಿದ ತೊಗಟೆಯಂತಿತ್ತು, ಬೆರಳಿಗೆ ಜಿಡ್ಡು ಹತ್ತಲಿಲ್ಲ.